ತೂಕ ಇಳಿಸೋ ಆಪರೇಷನ್ ಆದ ಮೇಲೆ: ಮನೆ ಊಟ, ಮಾತ್ರೆ ಮತ್ತು ಜೊತೆಗಾರರು

"ಮುದ್ದೆ ಯಾವಾಗ ತಿನ್ನಬಹುದು?" ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಆಮೇಲಿನದು, "ಕೂದಲು ಉದುರ್ತಿದೆ, ಏನ್ ಮಾಡ್ಲಿ?" ಇನ್ನೊಂದು ಪ್ರಶ್ನೆಯನ್ನು ಯಾರೂ ನಾಲ್ಕು ಜನರ ಮುಂದೆ ಕೇಳುವುದಿಲ್ಲ. ರಾತ್ರಿ ಹತ್ತು ದಾಟಿದ ಮೇಲೆ ಒಂದು ಮೆಸೇಜ್ ಬರುತ್ತದೆ: "ಆಪರೇಷನ್ ಮಾಡಿಸ್ಕೊಂಡು ತಪ್ಪು ಮಾಡಿದ್ನಾ?"

ನಾನು ಸ್ಲೀವ್ ಅನ್ನುವ ತೂಕ ಇಳಿಸೋ ಆಪರೇಷನ್ ಮಾಡಿಸಿಕೊಂಡು ಐದನೇ ವರ್ಷ ನಡೀತಿದೆ. ಡಾಕ್ಟರ್ ಅಲ್ಲ. ಇಂಥ ಆಪರೇಷನ್ ಆದವರ ಒಂದು ಸಣ್ಣ ಗುಂಪು ನೋಡಿಕೊಳ್ಳುತ್ತೇನೆ, ಅಷ್ಟೇ. ಅದೇ ಉತ್ತರವನ್ನು ಮತ್ತೆ ಮತ್ತೆ ಟೈಪ್ ಮಾಡಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಓದುವಾಗ ಒಂದು ಗೆರೆ ನೆನಪಿರಲಿ. ನೋವು, ವಾಂತಿ, ಜ್ವರ, ಮಾತ್ರೆ ಎಲ್ಲ ಡಾಕ್ಟರಿಗೆ. ಅಡುಗೆಮನೆ, ಮದುವೆಮನೆ, ಕನ್ನಡಿ, ನೆಂಟರು ಇವೆಲ್ಲ ನಮ್ಮಂಥ ಜೊತೆಗಾರರಿಗೆ. ನಾನು ನೋಡಿದ ಎಡವಟ್ಟುಗಳೆಲ್ಲ ಈ ಗೆರೆ ದಾಟಿದಾಗಲೇ ಆದದ್ದು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಎರಡು ಚಟ್ನಿ ಬಟ್ಟಲು, ಮಗುವಿಗೆ ತಿನ್ನಿಸುವ ಪುಟ್ಟ ಚಮಚ, ದಿನಕ್ಕೊಂದು ಮನೆ ಇರುವ ಮಾತ್ರೆ ಡಬ್ಬಿ, ಗುರುತು ಹಾಕಿದ ಒಂದು ಲೀಟರ್ ನೀರಿನ ಬಾಟಲಿ, ಒಂದು ನೋಟ್‌ಬುಕ್. ಡಿಸ್ಚಾರ್ಜ್ ಸಮ್ಮರಿಯನ್ನು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಹಂತ 1: ನಿಮಗೆ ಆಗಿರುವುದು ಯಾವ ಆಪರೇಷನ್?

ನಗಬೇಡಿ. "ಹೊಟ್ಟೆ ಚಿಕ್ಕದು ಮಾಡಿದ್ದಾರೆ" ಅನ್ನುವುದಕ್ಕಿಂತ ಹೆಚ್ಚು ಗೊತ್ತಿಲ್ಲದವರು ಬೇಕಾದಷ್ಟು ಜನ ಸಿಗುತ್ತಾರೆ.

ಸ್ಲೀವ್ ಅಂದರೆ ಜಠರದ ಸುಮಾರು ಮುಕ್ಕಾಲು ಭಾಗವನ್ನು, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಕತ್ತರಿಸಿ ತೆಗೆಯುವುದು. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಹಸಿವಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ತೆಗೆದ ಆ ಭಾಗದಲ್ಲೇ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಹಸಿವೇ ಗೊತ್ತಾಗುವುದಿಲ್ಲ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂ.ಎಲ್. ಹಿಡಿಸುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮಧ್ಯಭಾಗಕ್ಕೆ ಜೋಡಿಸುತ್ತಾರೆ. ಕರುಳಿನ ಮೊದಲ ಭಾಗಕ್ಕೆ ಊಟ ಹೋಗುವುದೇ ಇಲ್ಲ. ಎರಡು ಜೋಡಣೆಯ ಬದಲು ಒಂದೇ ಜೋಡಣೆ ಇದ್ದರೆ ಅದು ಮಿನಿ ಬೈಪಾಸ್.

ಇದು ಗೊತ್ತಿರಬೇಕು ಯಾಕೆ? ಕಬ್ಬಿಣದಂಶ, ಕ್ಯಾಲ್ಸಿಯಂ ಹೀರಿಕೊಳ್ಳುವುದು ಮುಖ್ಯವಾಗಿ ಕರುಳಿನ ಆ ಮೊದಲ ಭಾಗ. ಬೈಪಾಸ್ ಆದವರಿಗೆ ಅದರ ಕೊರತೆ ಹೆಚ್ಚು. ಸ್ಲೀವ್ ಆದವರಿಗೆ ಎದೆಯುರಿ, ಹುಳಿತೇಗು ಹೆಚ್ಚು. ಪಕ್ಕದ ಬೆಡ್‌ನವರ ಮಾತ್ರೆ ಚೀಟಿ ನಿಮಗೆ ಯಾಕೆ ಆಗಿಬರಲ್ಲ ಅಂತ ಈಗ ಗೊತ್ತಾಯಿತಲ್ಲ.

ಹಂತ 2: ಮೊದಲ ಎರಡು ತಿಂಗಳು

ಮೊದಲು ತಿಳಿನೀರು, ಗಂಜಿ ತಿಳಿ, ಸೋಸಿದ ಸಾರು. ಆಮೇಲೆ ಮಜ್ಜಿಗೆ, ಹಾಲು, ಪ್ರೋಟೀನ್ ಪುಡಿ ಕಲಸಿದ ನೀರು. ಆಮೇಲೆ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು, ಆಮೇಲೆ ಮೆತ್ತಗಿನದು, ಕೊನೆಗೆ ಮಾಮೂಲಿ ಊಟ. ತಿಳಿನೀರಿನ ಹಂತ ಕೆಲವೇ ದಿನ, ಆಮೇಲಿನ ಒಂದೊಂದು ಹಂತಕ್ಕೆ ಒಂದೆರಡು ವಾರ ಅಂತ ಹೇಳುತ್ತಾರೆ. ನಿಮ್ಮ ಆಸ್ಪತ್ರೆಯ ಹಾಳೆಯಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ನಿಮ್ಮ ಲೆಕ್ಕ. "ಅವರು ಹತ್ತನೇ ದಿನಕ್ಕೇ ಇಡ್ಲಿ ತಿಂದರಂತೆ" ಅಂತ ನೀವೂ ತಿನ್ನಬೇಡಿ. ಒಳಗಿನ ಹೊಲಿಗೆ ಇನ್ನೂ ಹಸಿ ಇರುತ್ತದೆ.

ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ಗ್ಯಾಸ್ ಸಿಲಿಂಡರ್, ನೀರಿನ ಕೊಡ, ಮೊಮ್ಮಗು, ಯಾವುದೂ ಬೇಡ. ನಡೆಯುವುದು ಮಾತ್ರ ಮೊದಲ ದಿನದಿಂದಲೇ.

ಇನ್ನು ಎಚ್ಚರಿಕೆ. ಕೂತಲ್ಲೇ ಎದೆಬಡಿತ 120 ದಾಟಿದರೆ, ಜ್ವರ ಬಂದರೆ, ಹೊಟ್ಟೆ ಅಥವಾ ಎಡಭುಜದ ನೋವು ಏರುತ್ತಾ ಹೋದರೆ, ಉಸಿರು ಕಟ್ಟಿದರೆ, ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ. ನೇರ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ. ಹೊಲಿಗೆ ಸೋರುತ್ತಿರಬಹುದು, ರಕ್ತ ಹೆಪ್ಪುಗಟ್ಟಿರಬಹುದು. ಬೈಪಾಸ್ ಆದವರಿಗೆ ಎಷ್ಟೋ ತಿಂಗಳು, ವರ್ಷ ಕಳೆದ ಮೇಲೂ ಇದ್ದಕ್ಕಿದ್ದ ಹಾಗೆ ಜೋರು ಹೊಟ್ಟೆನೋವು ಬಂದರೆ ಅದೂ ಎಮರ್ಜೆನ್ಸಿಯೇ. ಒಳಗೆ ಕರುಳು ಸಂದಿಯಲ್ಲಿ ಸಿಕ್ಕಿಕೊಳ್ಳುವುದುಂಟು. "ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿದು ಮಲಗಬೇಡಿ.

ವಾಂತಿ ಬಗ್ಗೆ ಬೇರೆಯಾಗಿ ಹೇಳಬೇಕು. ಎರಡು ಮೂರು ದಿನ ಬಿಡದೆ ವಾಂತಿಯಾದರೆ ಬಿ1 ಅನ್ನುವ ವಿಟಮಿನ್, ಅಂದರೆ ಥಯಮಿನ್, ಬೇಗ ಖಾಲಿಯಾಗುತ್ತದೆ. ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ತಪ್ಪುವುದು, ಮಾತು ಗಲಿಬಿಲಿಯಾಗುವುದು, ಪಾದ ಜುಮ್ಮೆನ್ನುವುದು ಅದರ ಗುರುತು. ತಡ ಮಾಡಿದರೆ ನರಕ್ಕೆ, ಮಿದುಳಿಗೆ ಸರಿಪಡಿಸಲಾಗದ ಪೆಟ್ಟು ಬೀಳಬಹುದು. ನಮ್ಮೂರುಗಳಲ್ಲಿ ಸುಸ್ತು ಅಂದ ತಕ್ಷಣ ಗ್ಲೂಕೋಸ್ ಬಾಟಲಿ ಹಾಕುವುದು ರೂಢಿ ಅಲ್ವಾ? ಈ ಸ್ಥಿತಿಯಲ್ಲಿ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಪರಿಸ್ಥಿತಿ ಇನ್ನೂ ಕೆಡಬಹುದು. "ನನಗೆ ಬೇರಿಯಾಟ್ರಿಕ್ ಸರ್ಜರಿ (ತೂಕ ಇಳಿಸುವ ಆಪರೇಷನ್) ಆಗಿದೆ, ವಾಂತಿ ನಿಂತಿಲ್ಲ, ಮೊದಲು ಥಯಮಿನ್ ಕೊಡಬೇಕಾ ನೋಡಿ" ಅಂತ ಬಾಯಿಬಿಟ್ಟು ಹೇಳಿ. ಸಂಕೋಚ ಬೇಡ.

ಹಂತ 3: ಅಡುಗೆಮನೆಯಲ್ಲಿ ಹೊಸ ರೂಢಿ

ಈಗ ಮುದ್ದೆಗೆ ಬರೋಣ. ರಾಗಿ ಒಳ್ಳೆಯದೇ, ತೊಂದರೆ ಇರುವುದು ತಿನ್ನುವ ರೀತಿಯಲ್ಲಿ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅಗಿದರೆ ಹಲ್ಲಿಗೆ ಮೆತ್ತುತ್ತದೆ ಅಂತ ಅಜ್ಜಿ ಬೈತಿದ್ದರು. ನಿಮ್ಮ ಜಠರದ ಬಾಯಿ ಈಗ ಆ ತುತ್ತಿಗೆ ಸಾಲುವುದಿಲ್ಲ. ಅಂಟು ತುತ್ತು ಅಲ್ಲೇ ಕೂರುತ್ತದೆ. ಎದೆ ಹಿಂಡುತ್ತದೆ, ಬಾಯಲ್ಲಿ ನೊರೆ ನೊರೆ ಜೊಲ್ಲು ಕಟ್ಟುತ್ತದೆ, ಕೊನೆಗೆ ವಾಂತಿ. ಅದಕ್ಕೇ ದ್ರವದ ಹಂತದಲ್ಲಿ ತೆಳ್ಳಗಿನ ರಾಗಿ ಅಂಬಲಿ, ಮೆತ್ತಗಿನ ಹಂತದಲ್ಲಿ ಗಟ್ಟಿ ಗಂಜಿ. ಮಾಮೂಲಿ ಊಟ ಒಗ್ಗಿ, ಡಯಟೀಷಿಯನ್ ಒಪ್ಪಿದ ಮೇಲೆ ಕಡಲೆಕಾಯಿ ಬೀಜದಷ್ಟು ಮುದ್ದೆ ತಗೊಂಡು, ಅಗಿದು ನೋಡಿ. ಹೌದು, ಅಗಿದು. ಅಜ್ಜಿ ಕ್ಷಮಿಸುತ್ತಾರೆ.

ಮೆತ್ತಗಿನ ಬ್ರೆಡ್, ತಣ್ಣಗಾದ ಚಪಾತಿ, ಉದುರು ಅನ್ನ, ಒಣಗಿದ ಕೋಳಿ ತುಂಡು, ಇವೂ ಸಿಕ್ಕಿಕೊಳ್ಳುವ ಜಾತಿಯೇ. ಹಲಸಿನ ತೊಳೆ, ಕಿತ್ತಳೆಯ ಬಿಳಿ ನಾರು, ನುಗ್ಗೆಕಾಯಿ ಸಿಪ್ಪೆ ನುಂಗಬೇಡಿ. ನಾರು ಒಳಗೆ ಉಂಡೆಗಟ್ಟುವ ಸಾಧ್ಯತೆ ಇದೆ.

ತಿನ್ನುವ ಕ್ರಮ ಹೀಗೆ:

1. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ ಅಥವಾ ರೊಟ್ಟಿ. ನಮ್ಮ ಊಟದ ಕ್ರಮ ಪೂರ್ತಿ ಉಲ್ಟಾ ಅಂದುಕೊಳ್ಳಿ.

2. ಪುಟ್ಟ ಚಮಚ, ಇಪ್ಪತ್ತು ಸಲ ಅಗಿತ, ಚಮಚ ಕೆಳಗಿಡಿ, ಆಮೇಲೆ ಮುಂದಿನ ತುತ್ತು. ಊಟಕ್ಕೆ 20ರಿಂದ 30 ನಿಮಿಷ ಇರಲಿ.

3. ಊಟದ ಜೊತೆ ನೀರಿಲ್ಲ. ಊಟ ಮುಗಿದು ಅರ್ಧ ಗಂಟೆ ಆದ ಮೇಲೆ ಗುಟುಕು ಗುಟುಕಾಗಿ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಆಗಬೇಕು. ಇದು ಬೆಳಗಿನಿಂದಲೇ ಶುರು ಮಾಡದಿದ್ದರೆ ಆಗುವ ಕೆಲಸ ಅಲ್ಲ.

4. ಎದೆಗೂಡಿನ ಕೆಳಗೆ ಒತ್ತಿದ ಹಾಗೆ ಆಗುವುದು, ಬಿಕ್ಕಳಿಕೆ, ಮೂಗಿನಲ್ಲಿ ನೀರಿಳಿಯುವುದು, ಇವು "ಸಾಕು" ಅನ್ನುವ ಸೂಚನೆ. ಮೂಗಿನ ವಿಷಯ ನನಗೂ ಗೊತ್ತಿರಲಿಲ್ಲ. ಸಾರಿನ ಖಾರಕ್ಕೆ ಅಂದುಕೊಂಡಿದ್ದೆ, ಗುಂಪಿನ ಒಬ್ಬರು ಹೇಳಿದ ಮೇಲೆ ತಿಳಿಯಿತು. ಸೂಚನೆ ಬಂದ ಮೇಲೆ "ಇದೊಂದೇ ತುತ್ತು" ಅಂದರೆ ಆ ಒಂದು ತುತ್ತೇ ಹೊರಗೆ ಬರುವುದು.

ಪ್ರೋಟೀನ್ ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಬೇಕು ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ಎರಡು ಮೊಟ್ಟೆಗೆ 12 ಗ್ರಾಂ, 50 ಗ್ರಾಂ ಪನೀರಿಗೆ ಸುಮಾರು 9, ಒಂದು ಬಟ್ಟಲು ಮೊಸರಿಗೆ ಸುಮಾರು 5, ಒಂದು ಹಿಡಿ ಬೇಳೆಗೆ (ಹಸಿ ತೂಕ 30 ಗ್ರಾಂ) ಸುಮಾರು 7. ಇಷ್ಟು ತಿಂದರೂ 33. ಪುಡಿ ಯಾಕೆ ಕೊಡುತ್ತಾರೆ ಅಂತ ಈಗ ಅರ್ಥ ಆಯಿತಲ್ಲ? ತಿಳಿಸಾರು ಕುಡಿದು "ಬೇಳೆ ತಿಂದೆ" ಅಂದುಕೊಳ್ಳಬೇಡಿ, ಬೇಳೆ ಇರುವುದು ಪಾತ್ರೆಯ ತಳದಲ್ಲಿ. ಬಸ್ಸಾರು ಮಾಡಿದ ದಿನ ಸಾರು ಮನೆಯವರಿಗೆ, ಕಾಳಿನ ಪಲ್ಯ ನಿಮಗೆ. ಮೀನು ತಿನ್ನುವವರಿಗೆ ದಾರಿ ಸುಲಭ. ಬೆಂದ ಮೀನು ಮೆತ್ತಗೆ ಬಿಡಿಸಿಕೊಳ್ಳುತ್ತದೆ, ಮುಳ್ಳು ಮಾತ್ರ ನೋಡಿಕೊಳ್ಳಿ.

ಹಂತ 4: ಮಾತ್ರೆ ಮತ್ತು ರಕ್ತ ಪರೀಕ್ಷೆ

ತೂಕ ಇಳಿದ ಖುಷಿಯಲ್ಲಿ ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ವಿಟಮಿನ್ ಮಾತ್ರೆ ಜೀವನಪೂರ್ತಿ. ಆರು ತಿಂಗಳ ಕೋರ್ಸ್ ಅಲ್ಲ. ಬಿ12 ಕೊರತೆ ನಿಧಾನಕ್ಕೆ ಬರುತ್ತದೆ, ಸಸ್ಯಾಹಾರಿಗಳು ಇನ್ನೂ ಜಾಗ್ರತೆಯಾಗಿರಬೇಕು.

ಹೊತ್ತಿನ ವಿಷಯದಲ್ಲಿ ಜಾಸ್ತಿ ತಪ್ಪಾಗುತ್ತದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ಒಟ್ಟಿಗೆ ಬೇಡ, ನಡುವೆ ಕನಿಷ್ಠ ಎರಡು ಗಂಟೆ ಇರಲಿ. ಕಬ್ಬಿಣದ ಮಾತ್ರೆ ಕಾಫಿ ಟೀ ಜೊತೆ ಬೇಡ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಅದಕ್ಕೂ ಈ ಎರಡಕ್ಕೂ ನಾಲ್ಕು ಗಂಟೆ ಅಂತರ ಇಡಿ. ಬೆಳಗ್ಗೆ ಎದ್ದು ಥೈರಾಯ್ಡ್, ಮಧ್ಯಾಹ್ನ ಕಬ್ಬಿಣ, ಸಂಜೆ ಮತ್ತು ರಾತ್ರಿ ಕ್ಯಾಲ್ಸಿಯಂ ಅಂತ ನಮ್ಮಲ್ಲಿ ಹಲವರು ಇಟ್ಟುಕೊಂಡಿದ್ದಾರೆ. ಕ್ಯಾಲ್ಸಿಯಂನಲ್ಲಿ ಎರಡು ಬಗೆ ಇದೆ, ಕಾರ್ಬೊನೇಟ್ ಮತ್ತು ಸಿಟ್ರೇಟ್. ಹೊಟ್ಟೆಯ ಆಮ್ಲ ಕಡಿಮೆ ಇದ್ದರೂ ಸಿಟ್ರೇಟ್ ಹೀರಲ್ಪಡುತ್ತದೆ, ಅದಕ್ಕೇ ನಮಗೆ ಅದನ್ನೇ ಬರೆಯುವುದು. ಅಂಗಡಿಯವರು "ಎರಡೂ ಒಂದೇ" ಅಂದರೆ ಒಪ್ಪಬೇಡಿ.

ಮೆಡಿಕಲ್ ಶಾಪ್‌ನಲ್ಲಿ ಮೈಕೈ ನೋವಿಗೆ ಅಂತ ಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ಬೈಪಾಸ್ ಆದವರಿಗಂತೂ ಬೇಡವೇ ಬೇಡ. ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಪ್ಯಾರಾಸಿಟಮಾಲ್ ನಡೆಯುತ್ತದೆ. ಬೀಡಿ ಸಿಗರೇಟೂ ಅದೇ ಹುಣ್ಣಿಗೆ ದಾರಿ.

ಶುಗರ್, ಬಿ.ಪಿ. ಮಾತ್ರೆ ಇದ್ದವರು ಮನೆಯಲ್ಲೇ ಚೆಕ್ ಮಾಡಿ ಬರೆದಿಡಿ. ತೂಕಕ್ಕಿಂತ ಮೊದಲೇ ಶುಗರ್ ಇಳಿಯುವುದುಂಟು. ಹಳೇ ಡೋಸ್ ಹಾಗೇ ನುಂಗಿದರೆ ತಲೆಸುತ್ತಿ ಬೀಳುತ್ತೀರಿ. ಆದರೆ ಕಡಿಮೆ ಮಾಡುವುದು ಡಾಕ್ಟರ್, ನೀವಲ್ಲ, ನಾನೂ ಅಲ್ಲ.

ರಕ್ತ ಪರೀಕ್ಷೆ ಸಾಮಾನ್ಯವಾಗಿ 3, 6, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ. ಬರೀ ಹಿಮೋಗ್ಲೋಬಿನ್ ಸಾಲದು. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿ.ಟಿ.ಎಚ್. (ಮೂಳೆಯಿಂದ ಕ್ಯಾಲ್ಸಿಯಂ ಎಳೆಯುವ ಹಾರ್ಮೋನ್) ಸೇರಬೇಕಾ ಅಂತ ಕೇಳಿ.

ಕೂದಲಿನ ವಿಷಯ: ಮೂರನೇ ತಿಂಗಳಿನಿಂದ ಆರನೇ ತಿಂಗಳ ತನಕ ಬಾಚಣಿಗೆ ತುಂಬ ಬರುತ್ತದೆ. ಆಪರೇಷನ್ನಿನ ಪೆಟ್ಟಿಗೆ, ತೂಕ ಬೇಗ ಇಳಿದದ್ದಕ್ಕೆ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗಿ ಉದುರುತ್ತದೆ. ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಸಾವಿರಾರು ರೂಪಾಯಿ ಎಣ್ಣೆಗೆ ಸುರಿಯುವ ಬದಲು ಪ್ರೋಟೀನ್ ಮತ್ತು ಫೆರಿಟಿನ್ ನೋಡಿಸಿ.

ಮಕ್ಕಳಾಗಬೇಕು ಅನ್ನುವವರು 12ರಿಂದ 18 ತಿಂಗಳು ಕಾಯಬೇಕು. ತೂಕ ಇಳಿದಂತೆ ಮುಟ್ಟು ಸರಿಹೋಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, "ನನಗೆಲ್ಲಿ ಆಗುತ್ತೆ" ಅಂತ ಸುಮ್ನೆ ಇರಬೇಡಿ. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಲ್ಪಡದೆ ಇರಬಹುದು. ಬೇರೆ ದಾರಿ ಕೇಳಿ.

ಹಂತ 5: ಜೊತೆಗಾರರನ್ನು ಹುಡುಕುವುದು

ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಡಯಟೀಷಿಯನ್ ಹತ್ತಿರ ಕೇಳಿ: "ನನ್ನ ಥರ ಆಪರೇಷನ್ ಆದವರ ಗುಂಪು ಇದೆಯಾ? ತಿಂಗಳ ಮೀಟಿಂಗ್ ಇದೆಯಾ?" ಎಷ್ಟೋ ಆಸ್ಪತ್ರೆಗಳು ನಡೆಸುತ್ತವೆ, ಆದರೆ ಕೇಳಿದವರಿಗಷ್ಟೇ ಹೇಳುತ್ತವೆ. ಇಲ್ಲ ಅಂದರೆ ನಿಮ್ಮ ವಾರದಲ್ಲೇ ಆಪರೇಷನ್ ಆದ ಇಬ್ಬರ ನಂಬರ್ ಕೇಳಿ, ಅವರು ಒಪ್ಪಿದರೆ ಮಾತ್ರ ತಗೊಳ್ಳಿ. ಐದಾರು ಜನ ಆದರೆ ಸಾಕು. ಇನ್ನೂರು ಜನರ ವಾಟ್ಸಾಪ್ ಗುಂಪಿಗಿಂತ ಐದು ಜನರದ್ದು ಎಷ್ಟೋ ವಾಸಿ. ಇನ್ನೂರು ಜನರಲ್ಲಿ ಗುಡ್ ಮಾರ್ನಿಂಗ್ ಹೂವು ಬರುತ್ತದೆ, ಉತ್ತರ ಬರುವುದಿಲ್ಲ.

ಜೊತೆಗಾರರನ್ನು ಆರಿಸುವಾಗ ಒಬ್ಬರು ನಿಮ್ಮದೇ ತಿಂಗಳಿನವರು, ಒಬ್ಬರು ಎರಡು ವರ್ಷ ದಾಟಿದವರು ಇರಲಿ. ಮೊದಲನೆಯವರು ನಿಮ್ಮ ಜೊತೆ ಅಳುತ್ತಾರೆ, ಎರಡನೆಯವರು ಅಳುವಂಥದ್ದೇನಿಲ್ಲ ಅನ್ನುತ್ತಾರೆ. ಎರಡೂ ಬೇಕು.

ಪ್ರಶ್ನೆ ಕೇಳುವ ರೀತಿ ಇದೆ. "ಚಪಾತಿ ತಿನ್ನಬಹುದಾ?" ಅಂದರೆ ಹತ್ತು ಜನ ಹತ್ತು ಹೇಳುತ್ತಾರೆ. "ಮಿನಿ ಬೈಪಾಸ್, ನಾಲ್ಕನೇ ತಿಂಗಳು. ಮಧ್ಯಾಹ್ನದ ಡಬ್ಬಿಯ ಚಪಾತಿ ಎದೆಯಲ್ಲಿ ನಿಲ್ಲುತ್ತೆ. ಬೆಳಗ್ಗೆ ಬಿಸಿದು ತೊಂದರೆ ಇಲ್ಲ. ಆಫೀಸಿಗೆ ನೀವೇನು ಒಯ್ತೀರಿ?" ಅಂತ ಕೇಳಿದರೆ ಉತ್ತರವೂ ಅಷ್ಟೇ ಚೊಕ್ಕಟವಾಗಿ ಬರುತ್ತದೆ.

ಗುಂಪಿಗೆ ಕೆಲವು ಕಟ್ಟಳೆ ಮೊದಲ ದಿನವೇ ಹಾಕಿಕೊಳ್ಳಿ. ಯಾರೂ ಯಾರಿಗೂ ಮಾತ್ರೆ, ಡೋಸ್ ಹೇಳುವಂತಿಲ್ಲ. ಒಳಗಿನ ಫೋಟೋ ಹೊರಗೆ ಹೋಗುವಂತಿಲ್ಲ, "ಮೊದಲು-ಆಮೇಲೆ" ಫೋಟೋ ಅಂತೂ ಕೇಳದೆ ಮುಟ್ಟುವಂತಿಲ್ಲ. ತೂಕದ ಪಂದ್ಯ ಬೇಡ. "ನಿಮಗೆ ಮೂರು ತಿಂಗಳಿಗೆ ಬರೀ 14 ಕೆಜಿನಾ?" ಅನ್ನುವ ಒಂದು ಮಾತಿಗೆ ಜನ ಗುಂಪು ಬಿಟ್ಟು ಹೋಗುತ್ತಾರೆ. ಶುರುವಿನ ತೂಕ, ವಯಸ್ಸು, ಶುಗರ್, ಆಪರೇಷನ್ ಬಗೆ, ಎಲ್ಲ ಬೇರೆ ಬೇರೆ ಇರುವಾಗ ಹೋಲಿಕೆಗೆ ಅರ್ಥವೇ ಇಲ್ಲ. ಕೊನೆಯದು, ಪುಡಿ ಮಾರುವವರಿಗೆ ಪ್ರವೇಶವಿಲ್ಲ. ಎರಡು ವಾರ ಕಷ್ಟಸುಖ ವಿಚಾರಿಸಿ ಮೂರನೇ ವಾರ "ಮೇಡಂ, ನಮ್ಮ ಶೇಕ್ ಟ್ರೈ ಮಾಡಿ" ಅನ್ನುವವರು ಎಲ್ಲ ಕಡೆ ನುಗ್ಗುತ್ತಾರೆ.

ಹಂತ 6: ಮದುವೆಮನೆ, ಹಬ್ಬ, ನೆಂಟರು

ಎಲೆ ಮುಂದೆ ಕೂತ ಕೂಡಲೇ ಬೀಳುವುದು ಪಾಯಸ. ಬೈಪಾಸ್ ಆದವರು ಖಾಲಿ ಹೊಟ್ಟೆಗೆ ಅದನ್ನು ಕುಡಿದರೆ ಡಂಪಿಂಗ್ ಆಗಬಹುದು. ಅಂದರೆ ಸಕ್ಕರೆ ಜಠರದಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಇಳಿಯುವುದು. ಹತ್ತರಿಂದ ಮೂವತ್ತು ನಿಮಿಷದಲ್ಲಿ ಬೆವರು, ಎದೆ ಡವಡವ, ಹೊಟ್ಟೆ ಹಿಂಡುವುದು, ಭೇದಿ. ಇನ್ನು ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಕೈ ನಡುಗಿ, ಕಣ್ಣು ಕತ್ತಲೆ ಬರುತ್ತದೆ. ಅದು ಇನ್ಸುಲಿನ್ ಜಾಸ್ತಿ ಸುರಿದು ಶುಗರ್ ಇಳಿದದ್ದು. ಸ್ಲೀವ್ ಆದವರಿಗೂ ಬರಬಹುದು, ಕಡಿಮೆ. ಮಾಡಬೇಕಾದ್ದು ಇಷ್ಟು: ಮನೆಯಲ್ಲೇ ಪ್ರೋಟೀನ್ ತಿಂದು ಹೊರಡಿ. ಎಲೆಯಲ್ಲಿ ಕೋಸಂಬರಿ, ಪಲ್ಯ, ಮೊಸರು ನೋಡಿಕೊಳ್ಳಿ. ಒಬ್ಬಟ್ಟು ಬೇಕೇ ಅನಿಸಿದರೆ ಕೊನೆಗೆ ಒಂದು ಚೂರು.

ಬಡಿಸುವವರನ್ನು ತಡೆಯುವುದು ಡಾಕ್ಟರ್ ಹೇಳಿಕೊಡದ ವಿದ್ಯೆ. "ಬೇಡ" ಅಂದರೆ ಸಂಕೋಚ ಅಂದುಕೊಂಡು ಇನ್ನೂ ಎರಡು ಹಾಕುತ್ತಾರೆ. ನಮ್ಮ ಗುಂಪಿನ ಉಪಾಯ: ಎಲೆಯ ಅರ್ಧಭಾಗದಲ್ಲಿ ಏನಾದರೂ ಹಾಕಿಸಿಕೊಂಡು ಹಾಗೇ ಬಿಟ್ಟಿರಿ. ಖಾಲಿ ಎಲೆ ಕಂಡರೆ ತಾನೆ ಅವರಿಗೆ ಕೈ ತಡೆಯದಿರುವುದು. ಪದಾರ್ಥ ದಂಡ ಆಗುತ್ತೆ ಅನ್ನುವವರು ಎರಡನೇ ಪಂಕ್ತಿಗೆ, ಮನೆಯವರ ಪಕ್ಕ ಕೂತು ಅವರ ಎಲೆಗೆ ದಾಟಿಸಿ.

"ಏನಮ್ಮಾ, ಇಷ್ಟೊಂದು ಸೊರಗಿದ್ದೀಯಾ, ಶುಗರ್ರಾ?" ಇದಕ್ಕೆ ಒಂದು ಸಾಲಿನ ಉತ್ತರ ಮೊದಲೇ ಬಾಯಿಪಾಠ ಮಾಡಿಕೊಳ್ಳಿ. "ಇಲ್ಲ ಅತ್ತೆ, ಡಾಕ್ಟರ್ ಹೇಳಿದ ಪಥ್ಯ ಮಾಡ್ತಿದ್ದೀನಿ" ಸಾಕು. ಸುಳ್ಳೂ ಅಲ್ಲ. ಆಪರೇಷನ್ ವಿಷಯ ಯಾರಿಗೆ ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಆದರೆ ಮನೆಯಲ್ಲಿ ಅಡುಗೆ ಮಾಡುವವರಿಗೂ, ಊರಿನ ಮಾಮೂಲಿ ಡಾಕ್ಟರಿಗೂ ಮುಚ್ಚಿಡಬೇಡಿ.

ಕುಡಿಯುವ ಅಭ್ಯಾಸ ಇದ್ದವರಿಗೆ: ಈಗ ಹೆಂಡ ಬೇಗ ರಕ್ತಕ್ಕೆ ಸೇರುತ್ತದೆ, ಮತ್ತು ಬೇಗ ಏರುತ್ತದೆ. ಹಳೇ ಲೆಕ್ಕದಲ್ಲಿ ಕುಡಿದು ಗಾಡಿ ಹತ್ತಬೇಡಿ. ಊಟದ ಚಟ ಬಿಟ್ಟ ಜಾಗಕ್ಕೆ ಬಾಟಲಿ ಬಂದು ಕೂರುವುದೂ ಉಂಟು, ಬೈಪಾಸ್ ಆದವರಲ್ಲಿ ಎರಡನೇ ವರ್ಷದ ಹೊತ್ತಿಗೆ ಇದರ ಅಪಾಯ ಹೆಚ್ಚು. ಹಾಗನಿಸಿದರೆ ಬೇಗ ಬಾಯಿಬಿಡಿ.

ಹಂತ 7: ಕನ್ನಡಿ

ಊಟ ನಮಗೆ ಬರೀ ಊಟ ಆಗಿರಲಿಲ್ಲ. ಬೇಜಾರಾದಾಗ ಬೋಂಡಾ, ಖುಷಿಯಾದಾಗ ಜಾಮೂನು. ಆ ಬಾಗಿಲು ಒಮ್ಮೆಲೇ ಮುಚ್ಚಿದಾಗ ಮನಸ್ಸು ಎಲ್ಲಿಗೆ ಹೋಗಬೇಕು? ಮೊದಲ ತಿಂಗಳುಗಳ ಆ ರಾತ್ರಿ ಮೆಸೇಜು ಇಲ್ಲಿಂದ ಬರುವುದು. ನನ್ನ ಉತ್ತರ ಯಾವಾಗಲೂ ಒಂದೇ: ಮಲಗಿ, ನಾಳೆ ಬೆಳಗ್ಗೆ ಫೋನ್ ಮಾಡಿ, ನಡ್ಕೊಂಡು ಮಾತಾಡೋಣ. ಬಹಳ ಸಲ ಅಷ್ಟಕ್ಕೇ ಹಗುರ ಆಗುತ್ತದೆ. ಆಗದಿದ್ದರೆ, ವಾರಗಟ್ಟಲೆ ಏನೂ ಬೇಡ ಅನಿಸಿದರೆ, ಸಾಯುವ ಯೋಚನೆ ಬಂದರೆ, ಅದು ಗುಂಪಿನ ಕೈ ಮೀರಿದ್ದು. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಚರ್ಮ ಜೋತುಬೀಳುವುದು ಸಹಜ. ಮಡಿಕೆಯಲ್ಲಿ ಬೆವರಿ ಕೆಂಪಾದರೆ ಒಣಗಿಸಿ, ಹತ್ತಿ ಬಟ್ಟೆ ಹಾಕಿ. ಅದನ್ನು ತೆಗೆಸುವ ಆಪರೇಷನ್ ಬಗ್ಗೆ ತೂಕ ಒಂದು ಕಡೆ ನಿಂತ ಮೇಲೆ ಯೋಚಿಸಿ. ಮೊದಲ ವರ್ಷ ದುಬಾರಿ ಬಟ್ಟೆ ಹೊಲಿಸಬೇಡಿ. ಬ್ಲೌಸ್‌ಗಳಿಗೆ ಒಳಹೊಲಿಗೆ ಹಾಕಿಸಿಕೊಂಡರೆ ಸಾಕು.

ಹಂತ 8: ಎರಡು ವರ್ಷ ದಾಟಿದ ಮೇಲೆ

ಮಧುಚಂದ್ರ ಮುಗಿಯುವುದು ಇಲ್ಲಿ. ಹಸಿವು ಸ್ವಲ್ಪ ವಾಪಸ್ ಬರುತ್ತದೆ, ಎರಡು ಮೂರು ಕೆಜಿ ಏರುತ್ತದೆ. ಇಷ್ಟು ಏರುವುದು ಮಾಮೂಲಿ. ಜಾಸ್ತಿ ಏರುತ್ತಿದ್ದರೆ ಮೊದಲು ನೋಡಬೇಕಾದ್ದು ಊಟದ ತಟ್ಟೆಯಲ್ಲ, ನಾಲ್ಕು ಗಂಟೆಯ ಡಬ್ಬಿ. ಕೋಡುಬಳೆ, ಮಿಕ್ಸ್ಚರ್, ಬಿಸ್ಕತ್ತು ಬಾಯಲ್ಲೇ ಪುಡಿಯಾಗಿ ಸುಲಭವಾಗಿ ಜಾರುತ್ತವೆ. ಒಂದು ಮೊಟ್ಟೆಗೆ "ಸಾಕು" ಅನ್ನುವ ಹೊಟ್ಟೆ ಅರ್ಧ ಪ್ಯಾಕೆಟ್ ಮಿಕ್ಸ್ಚರಿಗೆ ಚಕಾರ ಎತ್ತುವುದಿಲ್ಲ. ಒಂದು ವಾರ ತಿಂದದ್ದೆಲ್ಲ ಬರೆದು, ಆ ಹಾಳೆ ತಗೊಂಡು ಡಯಟೀಷಿಯನ್ ಹತ್ತಿರ ಹೋಗಿ. ತೂಕ ಏರಿತು ಅನ್ನುವ ನಾಚಿಕೆಗೇ ಫಾಲೋಅಪ್ ತಪ್ಪಿಸುವವರು ಜಾಸ್ತಿ. ಗುಂಪಿನಿಂದಲೂ ಮೆಲ್ಲಗೆ ಮಾಯವಾಗುತ್ತಾರೆ. ನಿಮ್ಮಲ್ಲಿ ಯಾರಾದರೂ ಹಾಗೆ ಸದ್ದಿಲ್ಲದೆ ಹೋದರೆ ಒಂದು ಫೋನ್ ಮಾಡಿ. ತೂಕ ಕೇಳಬೇಡಿ, ಮಳೆ ಬಂತಾ ಅಂತ ಕೇಳಿ.

ಮತ್ತೆ ಪರ್ಸಿನಲ್ಲಿ ಒಂದು ಚೀಟಿ ಇಡಿ: ಆಪರೇಷನ್ ಹೆಸರು, ತಿಂಗಳು, ವರ್ಷ, ಆಸ್ಪತ್ರೆಯ ಎಮರ್ಜೆನ್ಸಿ ನಂಬರ್. ಕೆಳಗೆ ಎರಡು ಸಾಲು: "ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬೇಡಿ. ನಮ್ಮ ಸರ್ಜನ್‌ನ ಕೇಳದೆ ಮೂಗಿನಿಂದ ಹೊಟ್ಟೆಗೆ ಪೈಪ್ ಹಾಕಬೇಡಿ." ಇದನ್ನು ಮಾತ್ರ ನಿಮ್ಮ ಡಾಕ್ಟರಿಂದ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ, ರಾತ್ರಿ ಡ್ಯೂಟಿಯಲ್ಲಿ ಇರುವವರಿಗೆ ಕನ್ನಡ ಬರುತ್ತೋ ಇಲ್ಲವೋ.